ಮಲೆನಾಡಿನ ಮನೆಯಿಂದ ಸೋಗಾನೆಯವರೆಗೆ: ವಿಮಾನ ನಿಲ್ದಾಣ ತಲುಪುವ ದಾರಿಯ ಬಗ್ಗೆ ಚರ್ಚೆ

ಹೊಸನಗರದ ಕೃಷಿಕ:

ಮಾನ್ಯ ಸದಸ್ಯರಿಗೆ ನಮಸ್ಕಾರಗಳು. ಶಿವಮೊಗ್ಗ ಬಳಿಯ ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಅಂದಿನಿಂದ ಶಿವಮೊಗ್ಗ ಪೇಟೆಯವರಿಗೆ, ಭದ್ರಾವತಿಯವರಿಗೆ ಅನುಕೂಲವಾದದ್ದು ನಿಜ. ಆದರೆ ಹೊಸನಗರ, ತೀರ್ಥಹಳ್ಳಿ, ಸಾಗರ ತಾಲ್ಲೂಕುಗಳ ಒಳಹಳ್ಳಿಗಳಲ್ಲಿ, ಡಾಂಬರು ರಸ್ತೆಯಿಂದ ಇನ್ನೂ ಒಂದೆರಡು ಮೈಲಿ ಒಳಗೆ ಒಂಟಿ ಮನೆಗಳಲ್ಲಿ ಇರುವ ನಮ್ಮಂಥವರಿಗೆ ಅದು ಎಷ್ಟರಮಟ್ಟಿಗೆ ಒದಗುತ್ತಿದೆ ಎಂಬುದನ್ನು ಎಲ್ಲರೂ ಕೂತು ವಿಚಾರ ಮಾಡಬೇಕೆಂದು ಈ ವಿಷಯವನ್ನು ಇಲ್ಲಿ ಇಡುತ್ತಿದ್ದೇನೆ.

ನಮ್ಮ ಭಾಗದ ಬಹುತೇಕ ಮನೆಗಳಲ್ಲಿ ಈಗ ಇರುವವರು ವಯಸ್ಸಾದವರು. ಮಕ್ಕಳು ಬೆಂಗಳೂರು, ಹೈದರಾಬಾದ್, ಚೆನ್ನೈಗಳಲ್ಲಿದ್ದಾರೆ, ಕೆಲವರು ಹೊರದೇಶಗಳಲ್ಲಿದ್ದಾರೆ. ಹಬ್ಬಕ್ಕೆ, ಅಡಿಕೆ ಕೊಯ್ಲಿಗೆ, ಶ್ರಾದ್ಧಕ್ಕೆ ಅವರು ಬರಬೇಕು; ಆಸ್ಪತ್ರೆಗೆ, ಮೊಮ್ಮಕ್ಕಳನ್ನು ನೋಡಲಿಕ್ಕೆ ನಾವು ಹೋಗಬೇಕು. ವಿಮಾನ ಒಂದು ತಾಸಿನಲ್ಲಿ ಬೆಂಗಳೂರು ಮುಟ್ಟಿಸುತ್ತದೆ. ಆದರೆ ಆ ಒಂದು ತಾಸಿನ ಪ್ರಯಾಣಕ್ಕೆ ನಾವು ಬೆಳಕು ಹರಿಯುವ ಮೊದಲೇ ಮನೆ ಬಿಡಬೇಕಾಗುತ್ತದೆ. ಊರಿನ ಕೈಮರದ ಹತ್ತಿರ ಮೊದಲ ಬಸ್ಸು ಹಿಡಿದು, ಹೊಸನಗರದಲ್ಲಿ ಇನ್ನೊಂದು ಬಸ್ಸು ಹತ್ತಿ, ರಿಪ್ಪನ್‌ಪೇಟೆ, ಆಯನೂರು ದಾಟಿ ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಇಳಿದ ಮೇಲೆ, ಅಲ್ಲಿಂದ ಗಂಟುಮೂಟೆಯೊಂದಿಗೆ ಆಟೋದವರ ಬಳಿ ಬಾಡಿಗೆ ಮಾತಾಡಿಕೊಂಡು ಊರಿನ ಇನ್ನೊಂದು ತುದಿಗೆ ಹೋಗಬೇಕು. ಸೋಗಾನೆ ಇರುವುದು ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ. ಘಟ್ಟದ ಕಡೆಯಿಂದ ಬರುವ ಮೂರೂ ತಾಲ್ಲೂಕಿನವರು ಪೇಟೆಯನ್ನು ದಾಟಿಕೊಂಡೇ ಅಲ್ಲಿಗೆ ಹೋಗಬೇಕು. ಬೆಳಗಿನ ಶಾಲೆ, ಕಚೇರಿಯ ಹೊತ್ತಿನಲ್ಲಿ ಆ ದಾಟುವಿಕೆಗೇ ಅರ್ಧ ತಾಸು ಹಿಡಿಯುತ್ತದೆ.

ಕಾರು ಇದ್ದವರ ಮಾತು ಬೇರೆ. ಕಾರಿಲ್ಲದವರಿಗೆ ಈ ನಿಲ್ದಾಣ ಬಳಕೆಗೆ ಬರುವಂತೆ ಮಾಡಲು ಏನು ಕೇಳಬೇಕು, ಯಾರನ್ನು ಕೇಳಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಸಾಗರದ ಅಧ್ಯಾಪಕ:

ಮಾನ್ಯರೇ, ತಮ್ಮ ಕಷ್ಟ ಅರ್ಥವಾಗುತ್ತದೆ. ಆದರೂ ಒಂದು ಮಾತನ್ನು ಮೊದಲೇ ಸ್ಪಷ್ಟ ಮಾಡಿಕೊಳ್ಳುವುದು ಒಳ್ಳೆಯದು. ಬೆಂಗಳೂರಿಗೆ ಹೋಗುವುದಷ್ಟೇ ಉದ್ದೇಶವಾದರೆ ನಮ್ಮ ಕಡೆಯವರಿಗೆ ವಿಮಾನದಿಂದ ಉಳಿಯುವ ಹೊತ್ತು ಬಹಳ ಕಡಿಮೆ. ರಾತ್ರಿ ಊಟ ಮುಗಿಸಿ ಸ್ಲೀಪರ್ ಬಸ್ಸು ಹತ್ತಿದವರು ಬೆಳಗಾಗುವಷ್ಟರಲ್ಲಿ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಾರೆ, ಹಗಲಿನ ಕೆಲಸ ಯಾವುದೂ ಕೆಡುವುದಿಲ್ಲ. ನಮಗೆ ತಾಳಗುಪ್ಪದಿಂದ ಹೊರಟು ಸಾಗರ, ಆನಂದಪುರದ ಮೇಲೆ ಹೋಗುವ ರೈಲುಗಳೂ ಇವೆ. ವಿಮಾನದಲ್ಲಿ ಹೋದವರು ದೇವನಹಳ್ಳಿಯಲ್ಲಿ ಇಳಿದ ಮೇಲೆ ಬೆಂಗಳೂರಿನ ಒಳಗೆ ಬರಲು ಮತ್ತೆ 35 ಕಿಲೋಮೀಟರು ಆಗುತ್ತದೆ.

ಸೋಗಾನೆ ನಿಜವಾಗಿ ಪ್ರಯೋಜನಕ್ಕೆ ಬರುವುದು ಬೆಂಗಳೂರಿನಿಂದ ಮುಂದಕ್ಕೆ ದೆಹಲಿಗೋ ಹೊರದೇಶಕ್ಕೋ ಹೋಗುವವರಿಗೆ, ಹೈದರಾಬಾದ್, ಚೆನ್ನೈ, ತಿರುಪತಿ, ಗೋವಾಗಳಂಥ ಊರುಗಳಿಗೆ ನೇರ ವಿಮಾನ ಸಿಗುವಾಗ ಅಲ್ಲಿಗೆ ಹೋಗುವವರಿಗೆ, ಮತ್ತು ರಾತ್ರಿಯಿಡೀ ಬಸ್ಸಿನಲ್ಲಿ ಕೂರಲಾರದ ವೃದ್ಧರಿಗೆ. 2023ರ ನವೆಂಬರಿನಲ್ಲಿ ಹೈದರಾಬಾದ್, ಗೋವಾ, ತಿರುಪತಿಗಳಿಗೆ ಉಡಾನ್ ಯೋಜನೆಯಡಿ ವಿಮಾನಗಳು ಶುರುವಾದವು. ಆ ಯೋಜನೆಯಲ್ಲಿ ಒಂದಷ್ಟು ಸೀಟುಗಳ ದರಕ್ಕೆ ಮಿತಿಯಿರುತ್ತದೆ, ಕೊರತೆಯನ್ನು ಸರ್ಕಾರ ವಿಮಾನ ಸಂಸ್ಥೆಗೆ ತುಂಬಿಕೊಡುತ್ತದೆ. ಆದರೆ ಆ ನೆರವು ಒಂದು ಮಾರ್ಗಕ್ಕೆ ಮೂರು ವರ್ಷದ ಮಟ್ಟಿಗೆ ಮಾತ್ರ. ಅಷ್ಟರೊಳಗೆ ಜನ ಬಳಸಿ ರೂಢಿಯಾಗದಿದ್ದರೆ ಆಮೇಲೆ ಆ ಮಾರ್ಗ ಉಳಿಯುವ ಖಾತ್ರಿಯಿಲ್ಲ. ಹಾಗಾಗಿ ಹಳ್ಳಿಯವರು ಸೋಗಾನೆಗೆ ಬರಲು ದಾರಿ ಮಾಡಿಕೊಡುವುದರಲ್ಲಿ ವಿಮಾನ ನಡೆಸುವವರ ಹಿತವೂ ಅಡಗಿದೆ ಎಂಬುದನ್ನು ಮನವಿಯಲ್ಲಿ ಒತ್ತಿ ಹೇಳಬೇಕು.

ತೀರ್ಥಹಳ್ಳಿಯ ಬಾಡಿಗೆ ಕಾರು ಚಾಲಕ:

ನಮ್ಮ ಕಡೆಯ ಲೆಕ್ಕವನ್ನೂ ದಯವಿಟ್ಟು ಕೇಳಿ. ತೀರ್ಥಹಳ್ಳಿ ತಾಲ್ಲೂಕಿಗೆ ರೈಲು ಮಾರ್ಗವೇ ಇಲ್ಲ. ಕುಪ್ಪಳಿ ಕಡೆಯಿಂದ ಬರುವವರು ತೀರ್ಥಹಳ್ಳಿ, ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗಕ್ಕೆ ಬರಬೇಕು. ಕುವೆಂಪು ಅವರ ಹೆಸರಿಟ್ಟ ನಿಲ್ದಾಣಕ್ಕೆ ಅವರ ಊರಿನವರೇ ಬಾಡಿಗೆ ಕಾರು ಮಾಡಿಕೊಂಡು ಹೋಗಬೇಕಾಗಿದೆ. ಸೋಗಾನೆಗೆ ಬಾಡಿಗೆ ಹೋದರೆ ವಾಪಸು ಬರುವಾಗ ಗಿರಾಕಿ ಸಿಗುವುದು ಅಪರೂಪ, ಆದ್ದರಿಂದ ನಾವು ಹೋಗಿ ಬರುವ ಎರಡೂ ಕಡೆಯ ಲೆಕ್ಕ ಹಾಕಲೇಬೇಕಾಗುತ್ತದೆ. ಕರೆತರಲು ಹೋದಾಗ ವಿಮಾನ ತಡವಾದರೆ ಕಾಯುವ ಹೊತ್ತಿನ ದುಡ್ಡನ್ನು ಕೇಳಲು ಸಂಕೋಚ, ಕೇಳದಿದ್ದರೆ ನಷ್ಟ. ಒಬ್ಬರೇ ಪ್ರಯಾಣಿಕರಾದರೆ ಕಾರಿನ ಬಾಡಿಗೆ ವಿಮಾನದ ಟಿಕೆಟ್ಟಿನ ಸಮಕ್ಕೆ ಬಂದುಬಿಡುತ್ತದೆ ಎಂದು ಅವರು ಬೇಸರ ಪಟ್ಟುಕೊಂಡರೆ ಅದು ನ್ಯಾಯವೇ.

ಮಳೆಗಾಲದ ಬಗ್ಗೆ ಹೊರಗಿನಿಂದ ಬರುವವರಿಗೆ ಮೊದಲೇ ಹೇಳಿಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಆಗುಂಬೆ, ಹುಲಿಕಲ್ ಸೀಮೆಯ ರಸ್ತೆಗಳಲ್ಲಿ ಮರ ಬಿದ್ದಿತೆಂದರೆ ಅರಣ್ಯ ಇಲಾಖೆಯವರೋ ಊರಿನವರೋ ಬಂದು ಕಡಿದು ಸರಿಸುವವರೆಗೆ ನಿಂತಲ್ಲೇ ನಿಲ್ಲಬೇಕು. ನಾನು ಆ ತಿಂಗಳುಗಳಲ್ಲಿ ಯಾರು ಕರೆದರೂ ಮಾಮೂಲಿಗಿಂತ ಒಂದು ತಾಸು ಮುಂಚೆ ಹೊರಡಲು ಹೇಳುತ್ತೇನೆ, ಕಾರಿನ ಹಿಂದೆ ಕತ್ತಿ ಮತ್ತು ಹಗ್ಗ ಇಟ್ಟುಕೊಂಡೇ ಹೋಗುತ್ತೇನೆ. ಸಣ್ಣ ಕೊಂಬೆಯಾದರೆ ನಾವೇ ಕಡಿದು ದಾರಿ ಮಾಡಿಕೊಳ್ಳಬಹುದು.

ಬಸ್ಸು ಬಂದರೆ ನಮ್ಮ ಹೊಟ್ಟೆಗೆ ಹೊಡೆತ ಬೀಳುತ್ತದೆಂದು ಕೆಲವು ಚಾಲಕರು ಹೇಳುತ್ತಾರೆ, ನನಗೆ ಹಾಗನ್ನಿಸುವುದಿಲ್ಲ. ಒಳಹಳ್ಳಿಯ ಮನೆಯಿಂದ ತೀರ್ಥಹಳ್ಳಿ ಬಸ್ ನಿಲ್ದಾಣದವರೆಗಿನ ಸಣ್ಣ ಬಾಡಿಗೆಗಳು ನಮಗೆ ಹೆಚ್ಚಾಗುತ್ತವೆ. ಅವುಗಳಲ್ಲಿ ಖಾಲಿ ಬರುವ ದಾರಿಯೂ ಕಡಿಮೆ.

ಹೈದರಾಬಾದಿನಲ್ಲಿರುವ ರಿಪ್ಪನ್‌ಪೇಟೆಯ ಮಗಳು:

ಎಲ್ಲರಿಗೂ ವಂದನೆಗಳು. ಅಪ್ಪಯ್ಯ, ಅಮ್ಮ ಇಬ್ಬರನ್ನೂ ಈ ನಿಲ್ದಾಣದ ಮೂಲಕ ಕರೆಸಿಕೊಂಡ ಅನುಭವದಿಂದ ಕೆಲವು ವಿಷಯಗಳನ್ನು ಹೇಳಬಯಸುತ್ತೇನೆ. ಒಳಗಿನ ವ್ಯವಸ್ಥೆ ಚಿಕ್ಕದು, ಚೊಕ್ಕವಾಗಿದೆ. ಬೆಂಗಳೂರಿನಂತೆ ಮೈಲಿಗಟ್ಟಲೆ ನಡೆಯಬೇಕಿಲ್ಲ, ಬಾಗಿಲಿನಿಂದ ಕೌಂಟರಿಗೆ, ಅಲ್ಲಿಂದ ತಪಾಸಣೆಗೆ ಕೆಲವೇ ಹೆಜ್ಜೆ. ವಯಸ್ಸಾದವರು ಮೊದಲ ಸಲ ಒಬ್ಬರೇ ವಿಮಾನ ಹತ್ತುವುದಾದರೆ ಇದಕ್ಕಿಂತ ಸಲೀಸಾದ ನಿಲ್ದಾಣ ಸಿಗುವುದು ಕಷ್ಟ.

ಗಾಲಿಕುರ್ಚಿ ಬೇಕಾದವರು ಟಿಕೆಟ್ ಮಾಡುವಾಗಲೇ, ತಡವೆಂದರೂ ಹೊರಡುವ 48 ತಾಸು ಮೊದಲು, ವಿಮಾನ ಸಂಸ್ಥೆಗೆ ತಿಳಿಸಿರಬೇಕು. ತಿಳಿಸುವಾಗ ಬರಿಯ ಗಾಲಿಕುರ್ಚಿ ಎಂದರೆ ಸಾಲದು. ಮೆಟ್ಟಿಲು ಹತ್ತಬಲ್ಲರು ಆದರೆ ದೂರ ನಡೆಯಲಾರರು, ಮೆಟ್ಟಿಲನ್ನೂ ಹತ್ತಲಾರರು, ಸೀಟಿನವರೆಗೂ ಎತ್ತಿಕೊಂಡೇ ಹೋಗಬೇಕು ಎಂಬ ಮೂರು ಬಗೆಗಳಿವೆ, ಮೂರಕ್ಕೂ ಏರ್ಪಾಡು ಬೇರೆ ಬೇರೆ. ನಮ್ಮ ನಿಲ್ದಾಣಕ್ಕೆ ಬರುವ ಎಟಿಆರ್ ಎಂಬ ಸಣ್ಣ ವಿಮಾನಗಳಿಗೆ ಹಿಂಬದಿಯಲ್ಲಿ ಬಾಗಿಲಿರುತ್ತದೆ. ಅಂಗಳದಲ್ಲಿ ನಡೆದುಹೋಗಿ ಹತ್ತಬೇಕು. ಮಂಡಿನೋವಿನ ಅಮ್ಮಂದಿರಿಗೆ ಆ ನಾಲ್ಕಾರು ಮೆಟ್ಟಿಲೇ ದೊಡ್ಡ ಕಷ್ಟ. ಮೊದಲೇ ಸರಿಯಾಗಿ ಹೇಳಿದ್ದರೆ ಇಳಿಜಾರು ಹಲಗೆಯನ್ನೋ ಬೇರೆ ನೆರವನ್ನೋ ಸಿದ್ಧ ಮಾಡಿಟ್ಟಿರುತ್ತಾರೆ.

ಸಾಮಾನಿನ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಕಡೆಯಿಂದ ಹೊರಡುವ ಯಾವ ತಾಯಿಯೂ ಬರಿಗೈಯಲ್ಲಿ ಹೋಗುವುದಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಟ್ಟರೆ ತಪಾಸಣೆಯವರು ತಡೆಯುತ್ತಾರೆ. ಅದನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಎರಡು ಪದರ ಪ್ಲಾಸ್ಟಿಕ್ ಸುತ್ತಿ, ಕೌಂಟರಿನಲ್ಲಿ ನಾವು ಒಪ್ಪಿಸುವ ಪೆಟ್ಟಿಗೆಯಲ್ಲಿ ಇಡಬೇಕು. ಕೊಬ್ಬರಿಯನ್ನು ಆ ಪೆಟ್ಟಿಗೆಯಲ್ಲಿ ಇಡಬಾರದು, ಅದರ ಎಣ್ಣೆಯಂಶಕ್ಕೆ ಬೇಗ ಬೆಂಕಿ ಹತ್ತುತ್ತದೆಂದು ನಿಷೇಧವಿದೆ. ಮೊಬೈಲ್ ಚಾರ್ಜಿಗೆ ಒಯ್ಯುವ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಮನೆಯಲ್ಲಿ ದಿನಗಟ್ಟಲೆ ಕರೆಂಟು ಹೋಗುವ ನಮ್ಮಲ್ಲಿ ಪವರ್ ಬ್ಯಾಂಕ್ ಇಲ್ಲದ ಮನೆಯಿಲ್ಲವಾದ್ದರಿಂದ ಇದನ್ನು ನೆನಪಿಡಿ.

ಹೊಸನಗರದ ಕೃಷಿಕ:

ತುಂಬ ಉಪಕಾರವಾಯಿತು. ವಿಮಾನ ರದ್ದಾದಾಗ ಏನು ಮಾಡಬೇಕೆಂಬುದನ್ನೂ ಯಾರಾದರೂ ತಿಳಿಸಬಹುದೇ? ಕಳೆದ ಮಳೆಗಾಲದಲ್ಲಿ ನಮ್ಮ ನೆಂಟರೊಬ್ಬರು ನಿಲ್ದಾಣದವರೆಗೆ ಬಂದ ಮೇಲೆ, ಮೋಡ ಕವಿದು ವಿಮಾನ ಇಳಿಯಲಾಗದೆ ಬೆಂಗಳೂರಿಗೇ ಮರಳಿತೆಂದು ತಿಳಿಯಿತು.

ಹೈದರಾಬಾದಿನಲ್ಲಿರುವ ರಿಪ್ಪನ್‌ಪೇಟೆಯ ಮಗಳು:

ಅದರ ಕಾರಣವನ್ನು ತಿಳಿದುಕೊಂಡರೆ ಯೋಜನೆ ಮಾಡಿಕೊಳ್ಳಲು ಸುಲಭ. ಸೋಗಾನೆಯ ರನ್‌ವೇ 3,200 ಮೀಟರ್ ಉದ್ದವಿದೆ, ಏರ್‌ಬಸ್‌ನಂಥ ದೊಡ್ಡ ವಿಮಾನಗಳೂ ಇಳಿಯುವಷ್ಟು. ಆದರೆ ಉದ್ದ ಎಷ್ಟಿದ್ದರೂ, ಉಪಕರಣಗಳ ನೆರವಿಲ್ಲದೆ ಪೈಲಟ್ ಕಣ್ಣಿನಿಂದಲೇ ನೋಡಿ ಇಳಿಸುವ ಪದ್ಧತಿಯಲ್ಲಿ 5,000 ಮೀಟರ್‌ವರೆಗೆ ದೃಷ್ಟಿ ಹಾಯಬೇಕೆಂಬ ನಿಯಮವಿದೆ. ಆಷಾಢದ ಮಳೆಯಲ್ಲೂ ಚಳಿಗಾಲದ ಬೆಳಗಿನ ಮಂಜಿನಲ್ಲೂ ಅಷ್ಟು ದೂರ ಕಾಣುವುದು ಕಷ್ಟ. ನಿಲ್ದಾಣ ಶುರುವಾದಾಗ ವಿಮಾನಗಳನ್ನು ಹಗಲಿಗಷ್ಟೇ ಸೀಮಿತಗೊಳಿಸಿದ್ದೂ, ರಾತ್ರಿ ಇಳಿಯುವ ವ್ಯವಸ್ಥೆಗಾಗಿ ಜಿಲ್ಲೆಯವರು ಒತ್ತಾಯಿಸುತ್ತ ಬಂದದ್ದೂ ಎಲ್ಲರಿಗೂ ತಿಳಿದಿದೆ. ಸಂಜೆ ಕೆಲಸ ಮುಗಿಸಿ ಹೊರಟು ರಾತ್ರಿಗೆ ಊರು ಸೇರುವಂತಾದರೆ ನಮ್ಮಂಥ ದುಡಿಯುವ ಮಕ್ಕಳು ಇನ್ನೂ ಹೆಚ್ಚಾಗಿ ಬಂದುಹೋಗುತ್ತೇವೆ.

ರದ್ದಾದರೆ ಪೂರ್ತಿ ಹಣ ವಾಪಸು ಅಥವಾ ಬೇರೆ ವಿಮಾನ, ಎರಡರಲ್ಲಿ ಒಂದನ್ನು ಆರಿಸುವ ಹಕ್ಕು ಪ್ರಯಾಣಿಕರದು. ಹವಾಮಾನದಿಂದ ರದ್ದಾದರೆ ಅದರ ಮೇಲೆ ಪರಿಹಾರ ಸಿಗುವುದಿಲ್ಲ. ಇನ್ನೊಂದು ಮುಖ್ಯ ವಿಷಯ: ವಿಮಾನ ತಡವೆಂಬ ಸಂದೇಶ ಬರುವುದು ಟಿಕೆಟ್ಟಿನಲ್ಲಿ ಕೊಟ್ಟ ಮೊಬೈಲಿಗೆ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗಬೇಕಾದರೆ ಗುಡ್ಡದ ತಲೆಗೆ ಹೋಗಬೇಕು. ಆದ್ದರಿಂದ ಪೇಟೆಯಲ್ಲಿರುವ ಮಕ್ಕಳ ನಂಬರನ್ನೇ ಟಿಕೆಟ್ಟಿಗೆ ಕೊಡಿ. ಅವರು ಸ್ಥಿರ ದೂರವಾಣಿ ಇರುವ ಪಕ್ಕದ ಮನೆಗೋ, ಕಾರಿನ ಚಾಲಕರಿಗೋ ತಿಳಿಸುವ ಏರ್ಪಾಡು ಮೊದಲೇ ಆಗಿರಲಿ.

ನಿವೃತ್ತ ಶುಶ್ರೂಷಕಿ:

ಆಸ್ಪತ್ರೆಗೆಂದು ಹೋಗುವವರಿಗೆ ಎರಡು ಮಾತು. ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಹೃದಯದ ತೊಂದರೆಯಿರುವವರು ಪ್ರಯಾಣ ಮಾಡಬಹುದೆಂದು ವೈದ್ಯರಿಂದ ಬರೆಸಿಕೊಂಡು, ವಿಮಾನ ಸಂಸ್ಥೆಗೆ ಮುಂಚಿತವಾಗಿ ತೋರಿಸಿರಬೇಕು. ಮನೆಯ ಆಮ್ಲಜನಕದ ಸಿಲಿಂಡರನ್ನು ಒಯ್ಯಲು ಬಿಡುವುದಿಲ್ಲ. ಇನ್ಸುಲಿನ್, ಮಾತ್ರೆಗಳು ಚೀಟಿಯ ಸಮೇತ ಕೈಚೀಲದಲ್ಲಿರಲಿ. ತುರ್ತು ಸ್ಥಿತಿಯಲ್ಲಿ ಮಾತ್ರ ವಿಮಾನದ ಯೋಚನೆ ಬೇಡ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಘಟ್ಟ ಇಳಿದು ಮಣಿಪಾಲಕ್ಕೋ ಆಂಬುಲೆನ್ಸಿನಲ್ಲಿ ಹೋಗುವುದೇ ಬೇಗ.

ತುಮರಿ ಸೀಮೆಯ ನಿವಾಸಿ:

ನಮ್ಮ ಶರಾವತಿ ಹಿನ್ನೀರಿನ ಆಚೆಯವರ ಪರವಾಗಿ ಬರೆಯುತ್ತಿದ್ದೇನೆ. ಲಿಂಗನಮಕ್ಕಿ ಅಣೆಕಟ್ಟೆಯ ನೀರು ಊರುಗಳನ್ನು ಸುತ್ತುವರಿದ ಮೇಲೆ ಎರಡು ತಲೆಮಾರು ನಾವು ಲಾಂಚಿನ ಹೊತ್ತಿಗೆ ಬದುಕನ್ನು ಹೊಂದಿಸಿಕೊಂಡು ಬಂದವರು. ಸಂಜೆ ಲಾಂಚು ನಿಂತರೆ ಹೆರಿಗೆ ನೋವಿನಲ್ಲಿರುವವರನ್ನೂ ದಾಟಿಸುವುದು ಕಷ್ಟವಾಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾದ ಮೇಲೆ ಆ ಕಟ್ಟು ಬಿಚ್ಚಿತು. ಈಗ ನಾವು ಯಾವ ಹೊತ್ತಿನಲ್ಲಾದರೂ ಸಾಗರಕ್ಕೆ ಹೊರಡಬಹುದು. ಅಷ್ಟು ದೊಡ್ಡ ಸೇತುವೆ, ಅಷ್ಟು ದೊಡ್ಡ ವಿಮಾನ ನಿಲ್ದಾಣ ಎರಡನ್ನೂ ಕಟ್ಟಿದ ಮೇಲೆ ಅವೆರಡರ ನಡುವೆ ಒಂದು ಬಸ್ಸನ್ನು ಓಡಿಸುವುದು ಆಗದ ಮಾತಲ್ಲ. ಮನವಿಯಲ್ಲಿ ಸಾಗರದ ಕಡೆಯ ಬಸ್ಸನ್ನೂ ಸೇರಿಸಬೇಕೆಂದು ಕೋರುತ್ತೇನೆ.

ಸಾರಿಗೆ ಇಲಾಖೆಯ ನಿವೃತ್ತ ನೌಕರ:

ಇಷ್ಟು ಹೊತ್ತು ಓದುತ್ತಿದ್ದೆ. ಬಸ್ಸಿನ ಮಾತು ಬಂದದ್ದರಿಂದ ಅದರ ಒಳಗಿನ ಲೆಕ್ಕವನ್ನು ಹೇಳುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ.

ವಿಮಾನ ನಿಲ್ದಾಣಕ್ಕೆಂದೇ ಹಳ್ಳಿಯಿಂದ ಪ್ರತ್ಯೇಕ ಬಸ್ಸು ಕೊಡಿ ಎಂದು ಕೇಳಿದರೆ ಅದು ನಿಲ್ಲುವುದಿಲ್ಲ. ಎಟಿಆರ್ ವಿಮಾನದಲ್ಲಿ ಹಿಡಿಯುವವರೇ ಎಂಬತ್ತರೊಳಗೆ, ಅವರಲ್ಲಿ ಹೆಚ್ಚಿನವರು ಸ್ವಂತ ಕಾರಿನವರು, ಉಳಿದವರು ಮೂರ್ನಾಲ್ಕು ದಿಕ್ಕಿಗೆ ಹಂಚಿಹೋಗುತ್ತಾರೆ. ಒಂದು ಬಸ್ಸಿಗೆ ನಾಲ್ಕೈದು ಜನ ಸಿಕ್ಕರೆ ಹೆಚ್ಚು. ಕಿಲೋಮೀಟರಿಗೆ ಇಷ್ಟು ಆದಾಯ ಬರಬೇಕೆಂಬ ಲೆಕ್ಕದಲ್ಲಿ ಅಂಥ ಷೆಡ್ಯೂಲನ್ನು ಕೆಲವೇ ತಿಂಗಳಲ್ಲಿ ರದ್ದು ಮಾಡುತ್ತಾರೆ, ಒಮ್ಮೆ ರದ್ದಾದದ್ದನ್ನು ಮತ್ತೆ ತರುವುದು ಬಹಳ ಕಷ್ಟ. ಮೈಸೂರಿನಿಂದ ದೇವನಹಳ್ಳಿಗೆ ಓಡುವ ಫ್ಲೈಬಸ್ಸನ್ನು ತೋರಿಸಿ ನಮಗೂ ಅದೇ ಬೇಕೆನ್ನುವವರಿದ್ದಾರೆ. ಅಲ್ಲಿ ಒಂದು ತುದಿಯಲ್ಲಿ ಮಹಾನಗರದ ನಿಲ್ದಾಣ, ಹಗಲು ರಾತ್ರಿ ವಿಮಾನಗಳು. ನಮ್ಮಲ್ಲಿ ಆ ಸ್ಥಿತಿಯಿಲ್ಲ.

ನಿಲ್ಲುವಂಥ ದಾರಿ ಬೇರೆಯಿದೆ. ಹೊಸನಗರ, ತೀರ್ಥಹಳ್ಳಿ, ಸಾಗರಗಳಿಂದ ಬೆಳಿಗ್ಗೆ ಶಿವಮೊಗ್ಗಕ್ಕೆ ಈಗಾಗಲೇ ತುಂಬಿಕೊಂಡು ಬರುವ ಬಸ್ಸುಗಳಿವೆ. ಒಂದೊಂದು ದಿಕ್ಕಿನಿಂದ ಒಂದೊಂದು ಬಸ್ಸನ್ನು, ವಿಮಾನದ ಹೊತ್ತಿಗೆ ಹೊಂದುವಂಥದ್ದನ್ನು ಆರಿಸಿ, ಅದನ್ನು ಶಿವಮೊಗ್ಗದಲ್ಲಿ ನಿಲ್ಲಿಸದೆ ಸೋಗಾನೆಯವರೆಗೆ ಮುಂದುವರಿಸಬೇಕು. ಶಾಲೆ, ಕಚೇರಿ, ಆಸ್ಪತ್ರೆಯವರು ಪೇಟೆಯಲ್ಲಿ ಇಳಿಯುತ್ತಾರೆ. ಅವರು ಕೊಟ್ಟ ದುಡ್ಡಿನಲ್ಲೇ ಬಸ್ಸಿನ ಖರ್ಚು ಹುಟ್ಟಿರುತ್ತದೆ, ಮುಂದಿನ ಕೆಲವು ಕಿಲೋಮೀಟರಿಗೆ ನಾಲ್ಕೇ ಜನ ಉಳಿದರೂ ನಷ್ಟವಿಲ್ಲ. ಸೋಗಾನೆಯಲ್ಲೇ ಕೇಂದ್ರ ಕಾರಾಗೃಹವೂ ಇರುವುದರಿಂದ ಅಲ್ಲಿನ ನೌಕರರು, ಬಂಧುಗಳನ್ನು ನೋಡಲು ಬರುವವರು, ವಿಮಾನ ನಿಲ್ದಾಣದ ಸಿಬ್ಬಂದಿ ಎಲ್ಲರೂ ಅದೇ ಬಸ್ಸನ್ನು ಹತ್ತುತ್ತಾರೆ.

ನಮ್ಮ ಜಿಲ್ಲೆಯ ಒಳಮಾರ್ಗಗಳಲ್ಲಿ ಹೆಚ್ಚಿನವು ಖಾಸಗಿ ಬಸ್ಸುಗಳು. ಅವುಗಳ ಪರವಾನಗಿಯನ್ನು ಬದಲಿಸುವ ಅಧಿಕಾರ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ್ದು, ಜಿಲ್ಲಾಧಿಕಾರಿಗಳೇ ಅದರ ಅಧ್ಯಕ್ಷರು. 1988ರ ಮೋಟಾರು ವಾಹನ ಕಾಯ್ದೆಯ 80ನೆಯ ಕಲಮಿನ ಪ್ರಕಾರ, ಜನರ ಅನುಕೂಲಕ್ಕೆಂದು ಮನವರಿಕೆಯಾದರೆ ಇರುವ ಮಾರ್ಗವನ್ನು ಕೊನೆಯ ನಿಲ್ದಾಣದಿಂದ 24 ಕಿಲೋಮೀಟರಿನವರೆಗೆ ವಿಸ್ತರಿಸಲು ಅವಕಾಶವಿದೆ. ಶಿವಮೊಗ್ಗ ಬಸ್ ನಿಲ್ದಾಣದಿಂದ ಸೋಗಾನೆ ಆ ಮಿತಿಯ ಒಳಗೇ ಬರುತ್ತದೆ. ಬಸ್ಸಿನ ಮಾಲೀಕರು ಒಪ್ಪಿ ಅರ್ಜಿ ಹಾಕಬೇಕು, ಆದ್ದರಿಂದ ಮೊದಲು ಅವರನ್ನು ಕಂಡು ಮಾತಾಡಿ. ಮಧ್ಯಾಹ್ನ ವಿಮಾನದಿಂದ ಇಳಿದವರನ್ನು ಕರೆತರಲು ಶಿವಮೊಗ್ಗ–ಭದ್ರಾವತಿ ನಡುವೆ ಓಡುವ ಬಸ್ಸುಗಳಲ್ಲಿ ಒಂದನ್ನು ಆ ಹೊತ್ತಿಗೆ ನಿಲ್ದಾಣದ ಬಾಗಿಲಿನವರೆಗೆ ತಿರುಗಿಸಿದರೆ ಸಾಕಾಗುತ್ತದೆ.

ಇನ್ನು ಮನವಿ ಯಾರಿಗೆ ಎಂಬ ಪ್ರಶ್ನೆ. ನಮ್ಮ ನಿಲ್ದಾಣವನ್ನು ನಡೆಸುತ್ತಿರುವುದು ರಾಜ್ಯ ಸರ್ಕಾರದ ಕೈಗಾರಿಕಾ ಹಾಗೂ ಮೂಲಸೌಕರ್ಯ ಅಭಿವೃದ್ಧಿ ನಿಗಮ. ದೆಹಲಿಗೆ ಬರೆದ ಪತ್ರ ತಿರುಗಿ ಇಲ್ಲಿಗೇ ಬರುತ್ತದೆ. ಬಸ್ಸು ನಿಲ್ಲುವ ಜಾಗ, ನೆರಳಿನ ಚಾವಣಿ, ಕುಡಿಯುವ ನೀರು, ಬಸ್ಸಿನ ಹೊತ್ತು ಬರೆದ ಕನ್ನಡ ಫಲಕ ಇವುಗಳನ್ನು ನಿಗಮದಿಂದ ಕೇಳಿ. ಮಾರ್ಗ ವಿಸ್ತರಣೆಯನ್ನು ಜಿಲ್ಲಾಧಿಕಾರಿಗಳಿಂದ ಕೇಳಿ. ಎರಡನ್ನೂ ಒಂದೇ ಪತ್ರದಲ್ಲಿ ಬೆರೆಸಬೇಡಿ, ಬೆರೆಸಿದರೆ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಅಲೆಯುತ್ತ ಕೂರುತ್ತದೆ.

ಸೋಗಾನೆ ಕಡೆಯ ರೈತ:

ಎಲ್ಲರೂ ನಿಲ್ದಾಣಕ್ಕೆ ಬರುವ ದಾರಿಯ ಬಗ್ಗೆ ಬರೆದಿದ್ದೀರಿ, ಸಂತೋಷ. ಆ ನೆಲವನ್ನು ಬಿಟ್ಟುಕೊಟ್ಟ ಕುಟುಂಬಗಳು ನಿವೇಶನಕ್ಕಾಗಿ ಧರಣಿ ಕೂತದ್ದನ್ನೂ ಪತ್ರಿಕೆಗಳಲ್ಲಿ ಓದಿರುತ್ತೀರಿ. ಬಸ್ಸು ಬಂದರೆ ನಮ್ಮ ಹಳ್ಳಿಯ ಮಕ್ಕಳಿಗೂ ಶಿವಮೊಗ್ಗದ ಕಾಲೇಜಿಗೆ ಹೋಗಲು ಅನುಕೂಲ. ಮನವಿಗೆ ನಮ್ಮವರೂ ಸಹಿ ಹಾಕುತ್ತಾರೆ. ಬಸ್ಸು ವಿಮಾನ ನಿಲ್ದಾಣದ ಗೇಟಿಗೆ ಹೋಗುವ ಮೊದಲು ಊರಿನ ಹತ್ತಿರವೂ ನಿಲ್ಲಬೇಕೆಂದು ಅದರಲ್ಲಿ ಬರೆಯಿರಿ.

ಸಾಗರದ ಅಧ್ಯಾಪಕ:

ನಿವೃತ್ತ ನೌಕರರು ಹೇಳಿದ ಕ್ರಮ ಸರಿಯೆನಿಸುತ್ತದೆ. ನನ್ನದೊಂದು ಆತಂಕವಿದೆ. ವಿಮಾನದ ವೇಳಾಪಟ್ಟಿ ಬೇಸಿಗೆಗೊಮ್ಮೆ, ಚಳಿಗಾಲಕ್ಕೊಮ್ಮೆ ಬದಲಾಗುತ್ತದೆ. ಬಸ್ಸಿನ ಹೊತ್ತು ಪರವಾನಗಿಯಲ್ಲಿ ಬರೆದಿಟ್ಟದ್ದು, ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಎರಡರ ಹೊಂದಾಣಿಕೆ ತಪ್ಪಿದರೆ ಪ್ರಯಾಣಿಕರು ಸೋಗಾನೆಯಲ್ಲಿ ಮೂರು ತಾಸು ಕೂರಬೇಕಾಗುತ್ತದೆ.

ಸಾರಿಗೆ ಇಲಾಖೆಯ ನಿವೃತ್ತ ನೌಕರ:

ತಾವು ಹೇಳಿದ್ದು ನಿಜ. ಅದಕ್ಕಾಗಿಯೇ ಒಂದೇ ಬಸ್ಸನ್ನು ನೆಚ್ಚಿಕೊಳ್ಳದೆ, ಬೆಳಿಗ್ಗೆ ಒಂದೂವರೆ ಎರಡು ತಾಸಿನ ಅಂತರದಲ್ಲಿ ಮೂರು ದಿಕ್ಕಿನಿಂದ ಮೂರು ಬಸ್ಸು ಸೋಗಾನೆಗೆ ಹೋಗುವಂತೆ ಕೇಳಬೇಕು. ಒಂದು ತಪ್ಪಿದರೂ ಶಿವಮೊಗ್ಗದಲ್ಲಿ ಇಳಿದು ಇನ್ನೊಂದನ್ನು ಹಿಡಿಯಬಹುದು. ಕೌಂಟರು ವಿಮಾನ ಹೊರಡುವ ಒಂದು ತಾಸು ಮೊದಲೇ ಮುಚ್ಚುವುದರಿಂದ, ಬಸ್ಸು ಎರಡು ತಾಸು ಮೊದಲು ತಲುಪುವಂತಿದ್ದರೆ ಮರ ಬಿದ್ದರೂ ಟಯರು ಪಂಕ್ಚರ್ ಆದರೂ ನಿಭಾಯಿಸಬಹುದು.

ಹೊಸನಗರದ ಕೃಷಿಕ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಈ ಚರ್ಚೆಯನ್ನು ಆಧರಿಸಿ ಎರಡು ಮನವಿಗಳ ಕರಡನ್ನು ಸಿದ್ಧಪಡಿಸುತ್ತೇನೆ. ಹೊಸನಗರದ ಕಡೆಯ ಬಸ್ಸಿನ ಮಾಲೀಕರನ್ನು ನಾನು ಈ ವಾರ ಕಂಡು ಮಾತಾಡುತ್ತೇನೆ. ತೀರ್ಥಹಳ್ಳಿಯವರು ಮತ್ತು ಸಾಗರದವರು ತಮ್ಮ ತಮ್ಮ ಕಡೆ ಅದೇ ಕೆಲಸ ವಹಿಸಿಕೊಂಡರೆ, ಮುಂದಿನ ಗ್ರಾಮಸಭೆಗಳಲ್ಲಿ ಠರಾವು ಮಾಡಿಸಿ ಅದರ ಪ್ರತಿಯೊಂದಿಗೆ ಜಿಲ್ಲಾಧಿಕಾರಿಗಳನ್ನು ಒಟ್ಟಿಗೆ ಭೇಟಿಯಾಗಬಹುದು. ಸಹಿ ಹಾಕಲು ಒಪ್ಪುವವರು ತಮ್ಮ ಊರು, ಬಸ್ಸು ಹತ್ತುವ ಜಾಗ, ವರ್ಷದಲ್ಲಿ ಯಾವ ತಿಂಗಳುಗಳಲ್ಲಿ ಮನೆಯವರು ಹೆಚ್ಚಾಗಿ ಬಂದುಹೋಗುತ್ತಾರೆ ಎಂಬ ಮೂರು ವಿವರಗಳನ್ನು ಇಲ್ಲಿಯೇ ಕೆಳಗೆ ಬರೆಯಬೇಕಾಗಿ ವಿನಂತಿ. ಮನೆಯಲ್ಲಿ ಗಾಲಿಕುರ್ಚಿಯ ಅಗತ್ಯವಿರುವವರಿದ್ದರೆ ಅದನ್ನೂ ತಿಳಿಸಿ, ಬಸ್ಸು ವಿಮಾನ ನಿಲ್ದಾಣದ ಬಾಗಿಲಿಗೆ ಎಷ್ಟು ಹತ್ತಿರ ನಿಲ್ಲಬೇಕೆಂಬುದನ್ನು ನಿಗಮಕ್ಕೆ ಬರೆಯುವ ಪತ್ರದಲ್ಲಿ ಕಾಣಿಸಬೇಕಿದೆ.